ನಗ್ಗಿದ ತಗಡು, ಎರಡು ಮಿಲಿಮೀಟರ್ ಪುಟ್ಟಿ

ಬಳಸಿದ ಕಾರೊಂದನ್ನು ಕೊಂಡ ಎರಡನೆಯ ವರ್ಷ, ಅದರ ಹಿಂಬಾಗಿಲಿನ ಕೆಳಭಾಗದಲ್ಲಿ ಕೂದಲೆಳೆಯಂಥ ಬಿರುಕೊಂದು ಕಾಣಿಸಿಕೊಂಡಿತು. ಉಗುರಿನಿಂದ ಕೆರೆದು ನೋಡಿದೆ. ಅಂಗೈಯಗಲದ ಬಿಲ್ಲೆಯೊಂದು ಬಣ್ಣದ ಸಮೇತ ಕಳಚಿ ಕೈಗೆ ಬಂತು. ಅಂಚಿನಲ್ಲಿ ತೆಳು, ನಡುವೆ ಕಿರುಬೆರಳಿನಷ್ಟು ದಪ್ಪ. ತಿರುಗಿಸಿದರೆ ಬೆನ್ನು ಗಾಜಿನಂತೆ ನುಣುಪು. ಬಾಗಿಲಿನ ಮೇಲೆ ಕಾರ್ಖಾನೆಯ ಹಳೆಯ ಬಣ್ಣ ಇನ್ನೂ ಹೊಳೆಯುತ್ತಿತ್ತು. ನಗ್ಗು ಮೊದಲು ಹೇಗಿತ್ತೋ ಹಾಗೆಯೇ ಇತ್ತು. ಬಿರುಕಿನಗುಂಟ ನೀರು ಇಳಿದ ಜಾಗದಲ್ಲಿ ಮಾತ್ರ ತುಕ್ಕಿನ ಕಂದು ಗೆರೆ. ಯಾರೋ ಸುತ್ತಿಗೆ ಮುಟ್ಟದೆ, ಬಣ್ಣ ಕೆರೆಯದೆ, ರಸ್ತೆಯ ಗುಂಡಿ ಮುಚ್ಚಿದಂತೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರು.

ಆ ಬಿಲ್ಲೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಮನೆಯಲ್ಲೇ ನಗ್ಗು ತೆಗೆಯಲು ಹೊರಡುವವರು ಎಡವುವ ಜಾಗಗಳಲ್ಲಿ ಮುಕ್ಕಾಲು ಪಾಲು ಅದೊಂದರಲ್ಲೇ ಕಾಣುತ್ತವೆ. ಪುಟ್ಟಿ ಡಬ್ಬಿಯ ಮೇಲೆ ‘ಫಿಲ್ಲರ್’ ಎಂದು ಬರೆದಿರುತ್ತದೆ, ಅದನ್ನು ಓದಿದವರು ತುಂಬಲು ಹೊರಡುತ್ತಾರೆ. ಅದರ ನಿಜವಾದ ಕೆಲಸ ತಗಡಿನ ಕೊನೆಯ ಒಂದೆರಡು ಮಿಲಿಮೀಟರ್ ಏರುಪೇರನ್ನು ತಿದ್ದುವುದು. ಅದಕ್ಕೆ ಮುಂಚಿನದೆಲ್ಲ ಸುತ್ತಿಗೆಯ ಕೆಲಸ. ಉಜ್ಜಿ ಮುಗಿಸಿದ ಮೇಲೆ ಉಳಿಯುವ ಪುಟ್ಟಿ 2 ಮಿಲಿಮೀಟರ್ ಇದ್ದರೆ ಒಳ್ಳೆಯದು, 3 ದಾಟಿದರೆ ತಗಡಿನ ಕೆಲಸ ಬಾಕಿ ಇದೆ ಎಂದೇ ಅರ್ಥ. ಗಟ್ಟಿಯಾದ ಪುಟ್ಟಿ ಬಿರುಸು, ತಗಡು ಬಾಗುವ ವಸ್ತು. ಬಿಸಿಲಿಗೆ ಎರಡೂ ಹಿಗ್ಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಬಾಗಿಲು ಮುಚ್ಚುವ ಪ್ರತಿ ಸಲವೂ ತಗಡು ಅದುರುತ್ತದೆ. ತೆಳುವಾದ ಪದರ ತಗಡಿನ ಜೊತೆ ಹೇಗೋ ಹೊಂದಿಕೊಂಡು ಹೋಗುತ್ತದೆ, ದಪ್ಪನೆಯದು ಸೀಳುತ್ತದೆ.

ಕೈಹಾಕುವ ಮುನ್ನ ಯಾವುದಕ್ಕೆ ಕೈಹಾಕಬಾರದು ಎಂಬುದು ಗೊತ್ತಿರಬೇಕು. ಬಾಗಿಲು, ಫೆಂಡರ್, ಬಾನೆಟ್, ಡಿಕ್ಕಿಯ ಮುಚ್ಚಳ ಇವುಗಳ ಹೊರ ಹೊದಿಕೆ ಮನೆಯ ಕೆಲಸಕ್ಕೆ ಒಗ್ಗುತ್ತದೆ. ಚಾವಣಿಯನ್ನು ಹೊತ್ತ ಕಂಬಗಳು, ಬಾಗಿಲಿನ ಕೆಳಗೆ ಉದ್ದಕ್ಕೂ ಹಾದುಹೋಗುವ ತೊಲೆಯಂಥ ಭಾಗ ಇವು ಅಪಘಾತದಲ್ಲಿ ಒಳಗಿರುವವರ ಜೀವ ಕಾಯುವ ಭಾಗಗಳು. ಅಲ್ಲಿ ನಗ್ಗು ಬಿದ್ದಿದ್ದರೆ ಪುಟ್ಟಿ ಹಚ್ಚುವುದು ಗಾಯವನ್ನು ಬಟ್ಟೆಯಿಂದ ಮರೆಮಾಡಿದಂತೆ. ತುಕ್ಕು ತಿಂದು ತೂತಾದ ತಗಡಿಗೂ ಪುಟ್ಟಿ ಉತ್ತರವಲ್ಲ. ತುಕ್ಕು ಒಳಗಿನಿಂದ ತಿನ್ನುತ್ತಲೇ ಇರುತ್ತದೆ, ಅಲ್ಲಿ ಹೊಸ ತಗಡನ್ನೇ ಬೆಸೆಯಬೇಕು. ಪ್ಲಾಸ್ಟಿಕ್ ಬಂಪರ್‌ಗೆ ಬಾಗುವ ಗುಣದ ಬೇರೆಯದೇ ಪುಟ್ಟಿ ಬೇಕು. ಬಂಪರ್‌ನ ಹಿಂದೆ ರೇಡಾರ್ ಸಂವೇದಕ ಕೂತಿರುವ ಹೊಸ ಕಾರುಗಳಲ್ಲಂತೂ ಅದರೆದುರಿನ ಜಾಗಕ್ಕೆ ಪುಟ್ಟಿ ಹಚ್ಚಲೇಬಾರದು. ಪದರ ದಪ್ಪವಾದರೆ ಅಲೆಗಳು ಸರಿಯಾಗಿ ದಾಟುವುದಿಲ್ಲ. ಕೊನೆಯದಾಗಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಅದು ಎಲ್ಲಿಯೂ ಅಂಟದಿದ್ದರೆ ಆ ಹೊದಿಕೆ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್, ಕ್ರಮ ಬೇರೆ. ಒಂದು ಕಡೆ ಅಂಟಿ ಪಕ್ಕದಲ್ಲೇ ಜಾರಿದರೆ ಅಲ್ಲಿ ಹಿಂದೆ ಯಾರೋ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ. ಆ ಕಾರನ್ನು ಕೊಳ್ಳುವ ದಿನ ನನ್ನ ಜೇಬಿನಲ್ಲಿ ಅಯಸ್ಕಾಂತ ಇರಲಿಲ್ಲ.

ಈಗ ತಗಡಿನ ವಿಷಯ. ಈ ಭಾಗವನ್ನು ಅರ್ಥ ಮಾಡಿಕೊಂಡವರಿಗೆ ಉಳಿದದ್ದು ಸುಲಭ.

ಕಾರಿನ ಹೊರ ಹೊದಿಕೆಯ ಉಕ್ಕಿನ ತಗಡು ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರ್ ದಪ್ಪ. ಇಷ್ಟು ತೆಳುವಾಗಿದ್ದೂ ಅದು ಬಿಗಿಯಾಗಿ ನಿಂತಿರುವುದು ಅದರ ಉಬ್ಬಿನಿಂದ. ಚಪ್ಪಟೆಯಾಗಿ ಕಾಣುವ ಬಾಗಿಲಿಗೂ ಸಣ್ಣದೊಂದು ಉಬ್ಬು ಇದ್ದೇ ಇರುತ್ತದೆ. ತಗಡನ್ನು ಸ್ವಲ್ಪ ಒತ್ತಿದರೆ ಅದು ಬಾಗಿ, ಬಿಟ್ಟೊಡನೆ ಹಿಂದಕ್ಕೆ ಬರುತ್ತದೆ. ಮಿತಿ ಮೀರಿ ಒತ್ತಿದರೆ ಬಾಗಿದಲ್ಲೇ ಉಳಿಯುತ್ತದೆ. ನಗ್ಗಿನಲ್ಲಿ ಈ ಎರಡೂ ಒಟ್ಟಿಗೆ ಇರುತ್ತವೆ. ದೊಡ್ಡ ತಟ್ಟೆಯಂತೆ ಒಳಸರಿದ ಜಾಗದ ಹೆಚ್ಚಿನ ಪಾಲು ನಿಜವಾಗಿ ಕೆಟ್ಟಿರುವುದಿಲ್ಲ. ಅದು ಹಿಂದಕ್ಕೆ ಬರಲು ಕಾಯುತ್ತಿರುತ್ತದೆ. ಬರದಂತೆ ಅದನ್ನು ಹಿಡಿದಿಟ್ಟಿರುವುದು ಸುತ್ತಲಿನ ಮಡಿಕೆಗಳು, ಚೂಪಾಗಿ ಮಡಿಸಿದ ಗೆರೆಗಳು. ಕೆಟ್ಟಿರುವುದು ಅವು ಮಾತ್ರ.

ಒಂದು ತಂತಿಯ ಕ್ಲಿಪ್ಪನ್ನು ಬಿಡಿಸಿ ನೇರ ಮಾಡಲು ನೋಡಿ. ಮೊದಲು ಮಡಿಸಿದ್ದ ಮೂಲೆ ಬಿಡುವುದೇ ಇಲ್ಲ, ಅದರ ಅಕ್ಕಪಕ್ಕದ ತಂತಿ ಬಾಗುತ್ತದೆ. ಒಮ್ಮೆ ಬಾಗಿದ ಲೋಹ ಬಾಗಿದಲ್ಲೇ ಗಡುಸಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ. ಕಾರಿನ ತಗಡಿನ ಮಡಿಕೆಯೂ ಹಾಗೆಯೇ. ಅದನ್ನು ಹಾಗೇ ಬಿಟ್ಟು ನಗ್ಗಿನ ನಡುಮಧ್ಯಕ್ಕೆ ಹಿಂದಿನಿಂದ ಗುದ್ದಿದರೆ ಗಡುಸಾದ ಮಡಿಕೆ ಅಲುಗುವುದಿಲ್ಲ, ಮೆತ್ತಗಿರುವ ನಡುಭಾಗ ಉಬ್ಬಿ ಹೊಸದೊಂದು ಗಂಟು ಹುಟ್ಟಿಕೊಳ್ಳುತ್ತದೆ. ಹೊಸಬರ ಕೈಯಲ್ಲಿ ಒಂದು ನಗ್ಗು ಹತ್ತಾಗುವುದು ಹೀಗೆ.

ಆದ್ದರಿಂದ ಮೊದಲು ನಗ್ಗನ್ನು ಓದಬೇಕು. ಪೆಟ್ಟು ಎಲ್ಲಿ ಬಿತ್ತು, ಎತ್ತ ಸಾಗಿತು, ಎಲ್ಲಿ ನಿಂತಿತು? ಪೆಟ್ಟು ನಿಂತಲ್ಲಿ ತಗಡು ಉಬ್ಬಿ ದಿಂಡಾಗಿರುತ್ತದೆ. ಅದು ಕೊನೆಯಲ್ಲಿ ಆದ ಹಾನಿ, ಅದನ್ನೇ ಮೊದಲು ಬಿಡಿಸಬೇಕು. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವ ಕ್ರಮ ಇದು. ಒಳಗಿನ ಹೊದಿಕೆ ಬಿಚ್ಚಿ, ಡಾಲಿ ಎಂದು ಕರೆಯುವ ಅಂಗೈಗೆ ಹಿಡಿಸುವ ಉಕ್ಕಿನ ಗಟ್ಟಿಯನ್ನು ಹಿಂದಿನಿಂದ ತಗ್ಗಿಗೆ ಒತ್ತಿ ಹಿಡಿಯಿರಿ. ಹೊರಗಡೆ ಅಗಲ ಮುಖದ ಸುತ್ತಿಗೆಯಿಂದ ಪಕ್ಕದ ದಿಂಡನ್ನು ಸಣ್ಣ ಸಣ್ಣ ಪೆಟ್ಟುಗಳಲ್ಲಿ ತಟ್ಟಿ. ಸುತ್ತಿಗೆಯ ಪೆಟ್ಟು ಡಾಲಿಯ ಮೇಲೆ ಬೀಳಬಾರದು, ಅದರ ಪಕ್ಕದಲ್ಲಿ ಬೀಳಬೇಕು. ಆಗ ದಿಂಡು ಇಳಿಯುತ್ತದೆ, ತಗ್ಗು ಏರುತ್ತದೆ. ಪ್ರತಿ ಏಳೆಂಟು ಪೆಟ್ಟಿಗೊಮ್ಮೆ ನಿಲ್ಲಿಸಿ ಅಂಗೈ ಆಡಿಸಿ. ಎಷ್ಟೋ ಸಲ ದಿಂಡು ಇಳಿಯುತ್ತಿದ್ದಂತೆ ಇಡೀ ನಗ್ಗು ‘ಟಪ್’ ಎಂದು ತಾನಾಗಿಯೇ ಹೊರಬರುತ್ತದೆ. ಆ ಸದ್ದು ಕೇಳಿದ ದಿನ ತಗಡಿನ ಮೇಲೆ ನನಗೆ ಹೊಸ ಗೌರವ ಹುಟ್ಟಿತು.

ಡಾಲಿಯ ಮೇಲೆಯೇ ಸುತ್ತಿಗೆ ಬಿದ್ದರೆ ತಗಡು ಎರಡು ಉಕ್ಕುಗಳ ನಡುವೆ ಸಿಕ್ಕು ತೆಳುವಾಗುತ್ತದೆ, ಅಂದರೆ ಹಿಗ್ಗುತ್ತದೆ. ಕೊನೆಯಲ್ಲಿ ಸಣ್ಣ ಏರುಪೇರು ಸಮ ಮಾಡಲು ಹಗುರಾಗಿ ನಾಲ್ಕು ಪೆಟ್ಟು ಸರಿ, ಅದಕ್ಕಿಂತ ಹೆಚ್ಚಾದರೆ ಅಪಾಯ. ಹಿಗ್ಗಿದ ತಗಡಿಗೆ ಕೂರಲು ಜಾಗ ಸಾಲದೆ, ಬೆರಳಿಟ್ಟರೆ ಒಳಕ್ಕೆ, ಬಿಟ್ಟರೆ ಹೊರಕ್ಕೆ ಟಪಟಪ ಎನ್ನುತ್ತಿರುತ್ತದೆ. ಅದರ ಮೇಲೆ ಹಚ್ಚಿದ ಯಾವ ಪುಟ್ಟಿಯೂ ನಿಲ್ಲದು. ಅದನ್ನು ಕಾಯಿಸಿ ಕುಗ್ಗಿಸುವ ವಿದ್ಯೆ ಇದೆ, ಆದರೆ ಅದು ಪಳಗಿದ ಕೈಯ ಕೆಲಸ. ಹಿಂದಿನಿಂದ ಕೈ ಹೋಗದ ಜಾಗಗಳಿಗೆ ಅಂಟಿನ ಬಿಲ್ಲೆ ಅಂಟಿಸಿ ಎಳೆಯುವ ಸಾಧನ ಸಿಗುತ್ತದೆ. ತಗಡಿಗೆ ತೂತು ಕೊರೆದು ಸ್ಕ್ರೂ ಹಾಕಿ ಎಳೆಯುವ ಹಳೆಯ ಪದ್ಧತಿ ಮಾತ್ರ ಬೇಡ. ಆ ಒಂದೊಂದು ತೂತೂ ಮುಂದೆ ತುಕ್ಕಿನ ಬಾಗಿಲು.

ಒಂದು ಎಚ್ಚರಿಕೆ. ಬಾಗಿಲಿನೊಳಗೆ ಏರ್‌ಬ್ಯಾಗ್‌ಗೆ ಸುಳಿವು ಕೊಡುವ ಸಂವೇದಕ ಇರುವ ಕಾರುಗಳು ಬಹಳ. ಸುತ್ತಿಗೆ ಎತ್ತುವ ಮೊದಲು ಕೀಲಿ ತೆಗೆದು, ಬ್ಯಾಟರಿಯ ಸಂಪರ್ಕ ಕಳಚಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು.

ತಗಡನ್ನು ಪೂರ್ತಿ ಸಮ ಮಾಡುವ ಹಟ ಬೇಡ. ಗುರಿ ಇಷ್ಟೇ: ಎಲ್ಲಿಯೂ ಮೂಲ ಮಟ್ಟಕ್ಕಿಂತ ಎತ್ತರ ಇರಬಾರದು, ತಗ್ಗು ಒಂದೆರಡು ಮಿಲಿಮೀಟರ್ ಒಳಗಿರಬೇಕು. ತಗ್ಗನ್ನು ಪುಟ್ಟಿ ಮುಚ್ಚುತ್ತದೆ. ಉಬ್ಬನ್ನು ಯಾವುದೂ ಮುಚ್ಚುವುದಿಲ್ಲ, ಉಜ್ಜಿದಷ್ಟೂ ತಗಡು ಹೊಳೆಯುತ್ತದೆ ಅಷ್ಟೆ.

ಇನ್ನು ಶುಚಿ. ಇಲ್ಲಿ ಕ್ರಮ ತಪ್ಪುವವರು ಬಹಳ ಮಂದಿ. ಸೋಪು ನೀರಿನಿಂದ ತೊಳೆದು, ಒಣಗಿಸಿ, ಮೇಣ ಮತ್ತು ಜಿಡ್ಡು ತೆಗೆಯುವ ದ್ರಾವಣದಿಂದ ಒರೆಸಿದ ಮೇಲೆಯೇ ಉಜ್ಜಬೇಕು. ಮೊದಲು ಉಜ್ಜಿದರೆ ಪಾಲಿಶ್‌ನ ಮೇಣವನ್ನು ನಾವೇ ಗೀರುಗಳೊಳಗೆ ತುರುಕಿದಂತಾಗುತ್ತದೆ. ಆಮೇಲೆ 80 ನಂಬರ್ ಎಮರಿ ಪೇಪರ್ (ನಂಬರ್ ಕಡಿಮೆಯಾದಷ್ಟೂ ಪೇಪರ್ ಒರಟು) ಹಿಡಿದು, ನಗ್ಗಿನ ಸುತ್ತ ಐದಾರು ಸೆಂಟಿಮೀಟರ್ ಆಚೆಯವರೆಗೆ ಬಣ್ಣ ತೆಗೆದು ಬರಿಯ ಲೋಹ ಕಾಣಿಸಬೇಕು. ಆ ಗೀರುಗಳು ಬೇಕೇ ಬೇಕು. ಪುಟ್ಟಿ ತಗಡನ್ನು ಹಿಡಿದುಕೊಳ್ಳುವುದು ಬಹುಪಾಲು ಗೀರುಗಳಲ್ಲಿ ಬೇರು ಬಿಟ್ಟು. ನನ್ನ ಬಳಿಯಿರುವ ಬಿಲ್ಲೆಯ ಬೆನ್ನಿನಲ್ಲಿ ಒಂದೇ ಒಂದು ಗೀರಿನ ಗುರುತೂ ಇಲ್ಲ.

ಬಣ್ಣ ಮುಗಿದು ಲೋಹ ಶುರುವಾಗುವ ಅಂಚನ್ನು ಇಳಿಜಾರಾಗಿ ಉಜ್ಜಬೇಕು. ಸರಿಯಾಗಿ ಉಜ್ಜಿದರೆ ಮರದ ಕಾಂಡ ಕತ್ತರಿಸಿದಾಗ ಕಾಣುವ ಬಳೆಗಳಂತೆ ಪಾರದರ್ಶಕ ಲೇಪ, ಬಣ್ಣ, ಅದರಡಿಯ ಲೇಪವಾದ ಪ್ರೈಮರ್, ಲೋಹ ಒಂದರ ಪಕ್ಕ ಒಂದು ಅಗಲವಾಗಿ ತೆರೆದುಕೊಳ್ಳುತ್ತವೆ. ಬಳೆಗಳು ಇಕ್ಕಟ್ಟಾಗಿದ್ದರೆ ಇಳಿಜಾರು ಸಾಲದು, ಮುಂದೆ ಬಣ್ಣದಡಿಯಲ್ಲಿ ಆ ಅಂಚು ಗೆರೆಯಾಗಿ ಮೂಡುತ್ತದೆ. ಬರಿಯ ಉಕ್ಕು ತೇವದ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ, ಆದ್ದರಿಂದ ಉಜ್ಜಿದ ದಿನವೇ ಪುಟ್ಟಿ ಹಚ್ಚಬೇಕು. ತುಕ್ಕಿನ ಭಯಕ್ಕೆ ಮೊದಲೇ ಎಪಾಕ್ಸಿ ಪ್ರೈಮರ್ ಹೊಡೆದು ಅದರ ಮೇಲೆ ಪುಟ್ಟಿ ಹಚ್ಚುವವರಿದ್ದಾರೆ, ತಪ್ಪಿಲ್ಲ. ಆದರೆ ಆಮ್ಲವಿರುವ ಎಚ್ (etch) ಪ್ರೈಮರ್ ಮೇಲೆ ಪುಟ್ಟಿ ಹಚ್ಚಬೇಡಿ, ಅಡಿಯಲ್ಲಿ ಪುಟ್ಟಿ ಸರಿಯಾಗಿ ಗಟ್ಟಿಯಾಗದೆ ಕಳಚಿಕೊಳ್ಳುತ್ತದೆ. ಸತು ಲೇಪಿಸಿದ ತಗಡಾದರೆ, ಅದಕ್ಕೆ ಹೊಂದುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ ಪುಟ್ಟಿಯನ್ನೇ ಆರಿಸಿಕೊಳ್ಳಿ.

ಪುಟ್ಟಿ ಒಣಗುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಅದು ಒಣಗುವುದಿಲ್ಲ, ಬೇರೆ ವಸ್ತುವಾಗಿ ಬದಲಾಗುತ್ತದೆ. ಡಬ್ಬಿಯಲ್ಲಿರುವುದು ಪಾಲಿಯೆಸ್ಟರ್ ರಾಳ. ಅದನ್ನು ಸ್ಟೈರೀನ್ ಎಂಬ ಘಾಟು ದ್ರವದಲ್ಲಿ ಕರಗಿಸಿ, ಉಜ್ಜಲು ಸುಲಭವಾಗಲೆಂದು ಟಾಲ್ಕ್ ಪುಡಿಯನ್ನೂ, ಹಗುರವಾಗಲೆಂದು ಟೊಳ್ಳಾದ ಗಾಜಿನ ಸೂಕ್ಷ್ಮ ಗೋಲಿಗಳನ್ನೂ ಬೆರೆಸಿರುತ್ತಾರೆ. ಜೊತೆಗೆ ಬರುವ ಸಣ್ಣ ಟ್ಯೂಬಿನಲ್ಲಿರುವ ಹಾರ್ಡನರ್, ಅಂದರೆ ಪುಟ್ಟಿಯನ್ನು ಗಟ್ಟಿಯಾಗಿಸುವ ವಸ್ತು, ಬೆನ್ಸಾಯಿಲ್ ಪೆರಾಕ್ಸೈಡ್. ಬೆರೆಸಿದಾಗ ಪೆರಾಕ್ಸೈಡ್ ಒಡೆದು, ಸ್ಟೈರೀನ್‌ನ ಅಣುಗಳು ರಾಳದ ಉದ್ದನೆಯ ಸರಪಳಿಗಳ ನಡುವೆ ಕೊಂಡಿಗಳಾಗಿ ಬೆಸೆದುಕೊಳ್ಳುತ್ತವೆ. ಎಳೆಗಳು ಬಲೆಯಾಗುತ್ತವೆ. ಬಲೆಯಾದದ್ದು ಮತ್ತೆ ಕರಗದು. ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ, ಬೆರೆಸಿದ ಮುದ್ದೆಯ ಮೇಲೆ ಕೈಯಿಟ್ಟರೆ ಬಿಸಿ ತಿಳಿಯುತ್ತದೆ.

ಪ್ರಮಾಣ ತೂಕದಲ್ಲಿ ಸುಮಾರು 2 ಪ್ರತಿಶತ, ಅಂದರೆ 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್. ಡಬ್ಬಿಯ ಮೇಲೆ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಕಣ್ಣಳತೆಯನ್ನು ನಂಬದೆ ಸಣ್ಣದೊಂದು ತಕ್ಕಡಿ ಇಟ್ಟುಕೊಳ್ಳಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕುವ ಚಟ ಬಹಳ ಕೆಟ್ಟದ್ದು. ಕೊಂಡಿಗಳ ಸಂಖ್ಯೆಗೆ ಮಿತಿ ಇದೆ. ಉಳಿದ ಪೆರಾಕ್ಸೈಡ್ ಅಲ್ಲೇ ಕುಳಿತು, ವಾರಗಳ ನಂತರ ಬಣ್ಣದ ಮೂಲಕ ಮೇಲೆದ್ದು ಕಲೆಯಾಗುತ್ತದೆ. ಸೂಜಿಮೊನೆಯಂಥ ರಂಧ್ರಗಳೂ ಹೆಚ್ಚುತ್ತವೆ. ಕಡಿಮೆ ಹಾಕಿದರೆ ಪುಟ್ಟಿ ರಬ್ಬರಿನಂತೆ ಉಳಿದು ಎಮರಿ ಪೇಪರ್‌ಗೆ ಮೆತ್ತಿಕೊಳ್ಳುತ್ತದೆ. ಅದನ್ನು ಪೂರ್ತಿ ಕೆರೆದು ಮೊದಲಿನಿಂದ ಮಾಡದೆ ಬೇರೆ ದಾರಿಯಿಲ್ಲ. 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೈಗೆ ಸಿಗುವ ಸಮಯ ನಾಲ್ಕೈದು ನಿಮಿಷ. ಸೆಕೆ ಏರಿದಷ್ಟೂ ಅದು ಇನ್ನೂ ಕಡಿಮೆಯಾಗುತ್ತದೆ. ಬಿಸಿಲಲ್ಲಿ ಕಾದ ಬಾಗಿಲಿನ ಮೇಲೆ ಈ ಕೆಲಸ ಮಾಡಲು ಹೋಗಬೇಡಿ.

ಬೆರೆಸುವುದಕ್ಕೂ ಒಂದು ಹದವಿದೆ. ಮೊದಲು ಡಬ್ಬಿಯನ್ನು ತಳದಿಂದ ಕಲಕಿ, ಏಕೆಂದರೆ ರಾಳ ಮೇಲೆ ತೇಲಿ ಪುಡಿ ಕೆಳಗೆ ಕೂತಿರುತ್ತದೆ. ಹಾರ್ಡನರ್ ಟ್ಯೂಬನ್ನೂ ಹಿಸುಕಿ ಕಲಸಿಕೊಳ್ಳಿ. ಗಾಜು ಅಥವಾ ನುಣುಪಾದ ಪ್ಲಾಸ್ಟಿಕ್ ಹಲಗೆಯ ಮೇಲೆ ಬೆರೆಸಿ. ರಟ್ಟಿನ ತುಂಡು ಬೇಡ, ಅದು ಸ್ಟೈರೀನ್ ಹೀರುತ್ತದೆ, ನಾರನ್ನೂ ಬಿಡುತ್ತದೆ. ಪುಟ್ಟಿ ಬ್ಲೇಡಿನಿಂದ ಮಡಿಸುತ್ತಾ ಒತ್ತುತ್ತಾ, ಹಲಗೆಗೆ ಉಜ್ಜುತ್ತಾ ಹೋಗಬೇಕು. ಚಮಚ ಹಿಡಿದು ಕಡೆದಂತೆ ತಿರುಗಿಸಿದರೆ ಗಾಳಿ ಸೇರುತ್ತದೆ. ಆ ಗಾಳಿಯೇ ಮುಂದೆ ನಿಮ್ಮನ್ನು ಕಾಡುವ ಸಣ್ಣ ರಂಧ್ರಗಳು. ಹಾರ್ಡನರ್‌ಗೆ ಕೆಂಪು ಅಥವಾ ನೀಲಿ ಬಣ್ಣ ಕೊಟ್ಟಿರುವುದು ಅಂದಕ್ಕಲ್ಲ. ಒಂದೇ ಒಂದು ಗೆರೆಯೂ ಉಳಿಯದೆ ಇಡೀ ಮುದ್ದೆ ಒಂದೇ ಬಣ್ಣವಾಗುವವರೆಗೆ ಬೆರೆಸಬೇಕು ಎಂದು ಹೇಳಲು ಇಟ್ಟ ಗುರುತು ಅದು. ಬೆರೆಸಿ ಉಳಿದದ್ದನ್ನು ಎಂದಿಗೂ ಡಬ್ಬಿಗೆ ಹಾಕಬೇಡಿ. ಅದು ತಣ್ಣಗಾಗುವವರೆಗೆ ಕಸದ ಬುಟ್ಟಿಗೂ ಎಸೆಯಬೇಡಿ.

ಮೊದಲ ಲೇಪ ಬಹಳ ತೆಳು. ಬ್ಲೇಡನ್ನು ಬಲವಾಗಿ ಒತ್ತಿ ಪುಟ್ಟಿಯನ್ನು 80 ನಂಬರಿನ ಗೀರುಗಳೊಳಗೆ ತುಂಬಬೇಕು. ಇದು ನಗ್ಗು ಮುಚ್ಚಲು ಹಚ್ಚುವುದಲ್ಲ, ಅಂಟಿಕೊಳ್ಳಲು ಹಚ್ಚುವುದು. ಅದರ ಮೇಲೆ ತಕ್ಷಣವೇ ಉಳಿದದ್ದನ್ನು ಒಂದೇ ದಿಕ್ಕಿನಲ್ಲಿ, ಕೆಲವೇ ಎಳೆತಗಳಲ್ಲಿ ಹರಡಿ, ಮೂಲ ಮಟ್ಟಕ್ಕಿಂತ ಕೂದಲೆಳೆಯಷ್ಟು ಎತ್ತರ ಬಿಡಿ. ಗಟ್ಟಿಯಾಗತೊಡಗಿದ ಮೇಲೆ ಚಂದ ಮಾಡಲು ಹೋಗಬಾರದು, ಕಿತ್ತು ಬರುತ್ತದೆ. ಕೈ ಹಿಂದಕ್ಕೆ ತೆಗೆಯಿರಿ.

ಹತ್ತು ನಿಮಿಷಕ್ಕೆ, ಪುಟ್ಟಿ ಉಗುರಿಗೆ ಒತ್ತಿದರೆ ಗುರುತು ಬೀಳುವಷ್ಟು ಮೆದುವಾಗಿರುವಾಗ, ತುರಿಮಣೆಯಂಥ ಹಲ್ಲುಗಳಿರುವ ಅರದಿಂದ ಮೇಲಿನ ಉಬ್ಬನ್ನು ಹೆರೆದರೆ ಸುರುಳಿ ಸುರುಳಿಯಾಗಿ ಬರುತ್ತದೆ. ಅರ್ಧ ಗಂಟೆಯ ಉಜ್ಜುವಿಕೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಗಟ್ಟಿಯಾದ ಮೇಲೂ ಮೇಲ್ಮೈ ಜಿಗುಟಾಗಿದ್ದರೆ ಗಾಬರಿ ಬೇಡ. ಗಾಳಿಯ ಆಮ್ಲಜನಕ ಮೇಲಿನ ತೆಳು ಪದರದ ಕ್ರಿಯೆಗೆ ಅಡ್ಡಬರುತ್ತದೆ. ಅರದ ಕೆಲಸದಲ್ಲಿ ಅದೂ ಹೋಗುತ್ತದೆ.

ಕೆಲಸದ ಜೀವ ಇರುವುದು ಉಜ್ಜುವುದರಲ್ಲಿ. ಎಮರಿ ಪೇಪರನ್ನು ಬೆರಳುಗಳಿಂದ ಹಿಡಿದು ಉಜ್ಜಿದರೆ ಬೆರಳುಗಳ ಆಕಾರದ ಅಲೆಗಳೇ ಮೂಡುತ್ತವೆ. ಪೇಪರಿನಡಿ ಗಟ್ಟಿಯಾದ, ಉದ್ದನೆಯ ಬ್ಲಾಕ್ ಇರಲೇಬೇಕು, ನಗ್ಗಿನ ಅಗಲಕ್ಕಿಂತ ಉದ್ದವಾಗಿದ್ದರೆ ಇನ್ನೂ ಒಳ್ಳೆಯದು. ಅದು ಎತ್ತರದ ಜಾಗಗಳ ಮೇಲೆ ಸೇತುವೆಯಂತೆ ನಿಂತು ಅವನ್ನು ಮಾತ್ರ ಕತ್ತರಿಸುತ್ತದೆ. ಓರೆಯಾಗಿ ಒಂದು ದಿಕ್ಕಿನಲ್ಲಿ ನಾಲ್ಕು ಸಲ, ಅದಕ್ಕೆ ಅಡ್ಡಲಾಗಿ ನಾಲ್ಕು ಸಲ. ಒತ್ತಬೇಡಿ, ಕತ್ತರಿಸುವುದು ಪೇಪರಿನ ಕೆಲಸ. 80ರಿಂದ ಆಕಾರ, 120 ಅಥವಾ 150ರಿಂದ ಅದರ ಗೀರು ತೆಗೆಯುವುದು, 180ರಿಂದ ಮುಗಿತಾಯ. ನೀರು ಹಾಕಿ ಮಾತ್ರ ಉಜ್ಜಬೇಡಿ. ಪುಟ್ಟಿ ನೀರು ಹೀರಿಕೊಳ್ಳುತ್ತದೆ, ಆ ನೀರು ತಗಡಿಗಿಳಿದು ಮುಂದೆ ಬಣ್ಣದಡಿಯಲ್ಲಿ ಗುಳ್ಳೆಯಾಗಿ ಏಳುತ್ತದೆ. ಹೀಗೆ ಒಣದಾಗಿ ಉಜ್ಜಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಧೂಳು ತಡೆಯುವ ಮಾಸ್ಕ್ ಕಡ್ಡಾಯ. ಬೆರೆಸುವಾಗ ಘಾಟಿಗೆ ಇಂಗಾಲದ ಕಾರ್ಟ್ರಿಜ್ ಇರುವ ಮಾಸ್ಕ್, ಗಾಳಿಯಾಡುವ ಜಾಗ, ಕೈಗವಸು, ಕನ್ನಡಕ ಇಷ್ಟೂ ಬೇಕು.

ಸಮವಾಯಿತೇ ಎಂದು ಕಣ್ಣನ್ನು ಕೇಳಬೇಡಿ. ಬೂದು ತಗಡು, ತಿಳಿ ಪುಟ್ಟಿ, ಹಳೆಯ ಬಣ್ಣದ ಬಳೆಗಳು ಸೇರಿ ಕಣ್ಣನ್ನು ಮೋಸಗೊಳಿಸುತ್ತವೆ. ಕಣ್ಣು ಮುಚ್ಚಿ, ತೆಳುವಾದ ಹತ್ತಿ ಬಟ್ಟೆಯೊಂದನ್ನು ಮೇಲ್ಮೈಗೆ ಹಾಸಿ, ಬೆರಳ ತುದಿಯನ್ನಲ್ಲ, ಪೂರ್ತಿ ಅಂಗೈಯನ್ನು ಚಪ್ಪಟೆಯಾಗಿಟ್ಟು ಒಳ್ಳೆಯ ತಗಡಿನಿಂದ ಶುರುಮಾಡಿ ಪುಟ್ಟಿಯ ಮೇಲೆ ಹಾದು ಆಚೆಯ ಒಳ್ಳೆಯ ತಗಡಿನವರೆಗೆ ನಿಧಾನವಾಗಿ ಸರಿಸಿ. ಬಟ್ಟೆ ಚರ್ಮದ ಒರಟನ್ನು ಮರೆಸುತ್ತದೆ, ಏರಿಳಿತ ಮಾತ್ರ ಉಳಿಯುತ್ತದೆ. ಮೊದಲ ದಿನ ಏನೂ ತಿಳಿಯುವುದಿಲ್ಲ. ಮೂರನೆಯ ಬಾಗಿಲಿನ ಹೊತ್ತಿಗೆ ಕಣ್ಣಿಗೆ ಕಾಣದ ತಗ್ಗಿನಲ್ಲಿ ಕೈ ಇಳಿದದ್ದು ಗೊತ್ತಾಗತೊಡಗುತ್ತದೆ.

ಕೈಗೆ ಸಾಕ್ಷಿ ಬೇಕಿದ್ದರೆ ಕಪ್ಪು ಸ್ಪ್ರೇಯನ್ನು ದೂರದಿಂದ ಇಬ್ಬನಿಯಂತೆ ಸಿಂಪಡಿಸಿ, ಒಣಗಿದ ಮೇಲೆ ಬ್ಲಾಕ್ ಆಡಿಸಿ. ಕಪ್ಪು ಉಳಿದಲ್ಲಿ ತಗ್ಗು. ಸುತ್ತ ಕಪ್ಪಿದ್ದು ನಡುವೆ ತಗಡು ಹೊಳೆದರೆ ಅಲ್ಲಿ ಉಬ್ಬು ಉಳಿದಿದೆ, ಸುತ್ತಿಗೆಯಿಂದ ಹಗುರಾಗಿ ಇಳಿಸಬೇಕು. ಎರಡನೆಯ ಲೇಪ ಬಹುತೇಕ ಎಲ್ಲರಿಗೂ ಬೇಕಾಗುತ್ತದೆ, ಅದು ಸೋಲಲ್ಲ. ಉಳಿದ ಸಣ್ಣ ರಂಧ್ರಗಳಿಗೆ ನುಣುಪಾದ ಗ್ಲೇಜಿಂಗ್ ಪುಟ್ಟಿಯನ್ನು ಬ್ಲೇಡಿನಿಂದ ಒತ್ತಿ ಸವರಿ. ರಂಧ್ರವನ್ನು ಪ್ರೈಮರ್ ಮುಚ್ಚೀತು ಎಂದು ಬಿಟ್ಟರೆ ಅದು ಮುಚ್ಚುವುದಿಲ್ಲ, ಬಣ್ಣ ಹೊಳೆದಾಗ ಇನ್ನಷ್ಟು ಎದ್ದು ಕಾಣುತ್ತದೆ.

ಪ್ರೈಮರ್ ಮತ್ತು ಬಣ್ಣದ ವಿಷಯ ಇನ್ನೊಂದು ಲೇಖನದಷ್ಟಿದೆ, ಇಲ್ಲಿ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ದಪ್ಪ ಕಟ್ಟುವ ಪ್ರೈಮರ್ ಎರಡು ಮೂರು ಸಲ ಹೊಡೆದು, ಮತ್ತೆ ಕಪ್ಪು ಸಿಂಪಡಿಸಿ 400, 600 ನಂಬರುಗಳಿಂದ ಬ್ಲಾಕ್ ಆಡಿಸಿ. ಈ ಹಂತದಲ್ಲಿ ಪುಟ್ಟಿ ಎಲ್ಲಿಯೂ ಹೊರಗೆ ಕಾಣದಿದ್ದರೆ ನೀರು ಬಳಸಬಹುದು. ಬಣ್ಣ ಹೊಡೆಯುವ ಮುನ್ನ ಪ್ರೈಮರನ್ನು ಜಿಡ್ಡು ತೆಗೆಯುವ ದ್ರಾವಣದಿಂದ ಒದ್ದೆ ಮಾಡಿ, ಒಂದು ಕ್ಷಣ ಅದು ಹೊಳೆಯುವಾಗ ಓರೆಯಿಂದ ನೋಡಿ. ಕಿಟಕಿಯ ಅಂಚೋ ದೀಪದ ಗೆರೆಯೋ ಅದರಲ್ಲಿ ನೇರವಾಗಿ ಹಾದುಹೋದರೆ ಕೆಲಸ ಆಯಿತು. ಅಲ್ಲಿ ಬಳುಕಿದರೆ ಬಣ್ಣದ ಮೇಲೂ ಬಳುಕುತ್ತದೆ. ಬಣ್ಣದ ಸಂಕೇತ ಸಂಖ್ಯೆ ಹಲವು ಕಾರುಗಳಲ್ಲಿ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಮಿನುಗುವ ಮೆಟಾಲಿಕ್ ಬಣ್ಣವಾದರೆ ಸ್ಪ್ರೇ ಡಬ್ಬಿಯಿಂದ ತೇಪೆ ಕಾಣದಂತೆ ಹೊಡೆಯುವುದು ಕಷ್ಟ, ಬಣ್ಣವನ್ನು ಮಾತ್ರ ಬಲ್ಲವರಿಗೆ ಬಿಡುವುದು ಜಾಣತನ. ಐಸೊಸಯನೇಟ್ ಇರುವ ಎರಡು ಭಾಗಗಳ ಪಾರದರ್ಶಕ ಲೇಪವನ್ನು ಸಾಮಾನ್ಯ ಮಾಸ್ಕ್ ಹಾಕಿಕೊಂಡು ಮನೆಯಲ್ಲಿ ಹೊಡೆಯಬಾರದು. ಅದು ಆಸ್ತಮಾ ತರಬಲ್ಲ ವಸ್ತು.

ಇಷ್ಟಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ, ಹೊರಗಿನ ಹೊಳಪು ನೋಡುತ್ತಾ ಅದನ್ನು ಮರೆಯುವವರೇ ಹೆಚ್ಚು. ಡಾಲಿ ಒತ್ತಿದ ಜಾಗದಲ್ಲಿ ತಗಡಿನ ಹಿಂಬದಿಯ ಲೇಪ ಉದುರಿರುತ್ತದೆ. ಬಾಗಿಲಿನೊಳಕ್ಕೆ ಮಳೆನೀರು ಇಳಿಯುವುದು ಸಹಜ, ಅದು ಹೊರಹೋಗಲೆಂದು ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಆ ತೂತುಗಳಲ್ಲಿ ಪುಟ್ಟಿಯ ಧೂಳು ಕಟ್ಟಿಕೊಂಡಿದ್ದರೆ ತಂತಿಯಿಂದ ಬಿಡಿಸಿ, ಹಿಂಬದಿಯ ಬರಿದಾದ ಲೋಹಕ್ಕೆ ಪ್ರೈಮರ್ ಹಚ್ಚಿ, ಅದರ ಮೇಲೆ ತುಕ್ಕು ತಡೆಯುವ ಮೇಣವನ್ನು ಉದ್ದನೆಯ ಕೊಳವೆಯಿಂದ ಮೂಲೆಮೂಲೆಗೂ ಸಿಂಪಡಿಸಿ. ಒಳ ಹೊದಿಕೆಯನ್ನು ಮತ್ತೆ ಕೂರಿಸುವುದು ಅದಾದ ಮೇಲೆ.